ಕಾಯಿ ಬಿಟ್ಟ ಸೈಪ್ರೆಸ್ ಸಾಲು

"ಈ ಕಾಂಪೌಂಡಿನಲ್ಲಿ ಒಂದು ಎಲೆ ಹಳದಿಯಾಗಬೇಕಾದರೂ ಮೊದಲು ನನ್ನ ಹತ್ರ ಬಂದು ಅಪ್ಪಣೆ ಕೇಳಬೇಕು. ನನ್ನ ಕಣ್ಣು ತಪ್ಪಿಸಿ ಇಲ್ಲಿ ಒಂದು ಹುಳ ಸಂಸಾರ ಹೂಡಲಿ ನೋಡೋಣ, ಅವತ್ತೇ ಕತ್ತರಿ ಕೆಳಗಿಟ್ಟು ಮನೆಗೆ ಹೋಗ್ತೀನಿ."

ಆಸ್ಪತ್ರೆಯ ತೋಟದ ಬುಗುರಿಯಕ್ಕ ಆಡುತ್ತಿದ್ದ ಈ ಮಾತು ಅಲ್ಲಿನ ನರ್ಸುಗಳಿಗೆಲ್ಲ ಬಾಯಿಪಾಠವಾಗಿತ್ತು. ಹೊಸದಾಗಿ ಸೇರಿದ ರೋಗಿಗೆ ಎರಡನೇ ದಿನ, ಹಳೆಯ ರೋಗಿಗೆ ದಿನಕ್ಕೆರಡು ಸಲ ಕಿಟಕಿಯಾಚೆಯಿಂದ ಕೇಳಿಬರುತ್ತಿತ್ತು.

ಬುಗುರಿ ಅನ್ನುವುದು ಅವಳ ಹೆಸರಲ್ಲ. ಹೆತ್ತವರು ಇಟ್ಟ ಹೆಸರು ಹಾಜರಿ ಕೂಗುವಾಗ ಮಾತ್ರ ಹೊರಗೆ ಬಂದು, ಮುಖ ತೋರಿಸಿ, ಮತ್ತೆ ಒಳಗೆ ಹೋಗುತ್ತಿತ್ತು. ಕೂತಲ್ಲಿ ಕೂರುವುದು, ನಿಂತಲ್ಲಿ ನಿಲ್ಲುವುದು ಅವಳ ಜಾಯಮಾನದಲ್ಲೇ ಇರಲಿಲ್ಲ. ಅವಳ ನಡಿಗೆಯ ವೇಗಕ್ಕೆ ಅವಳ ನೆರಳೇ ಹಿಂದೆ ಬಿದ್ದು, ಸಂಜೆ ಗೇಟಿನ ಹತ್ತಿರ ಏದುಸಿರು ಬಿಡುತ್ತಾ ಬಂದು ಸೇರಿಕೊಳ್ಳುತ್ತದೆ ಎಂದು ಕಾವಲಿನವನು ಆಣೆ ಮಾಡಿ ಹೇಳುತ್ತಿದ್ದ. ಊಟ ನಿಂತೇ, ನೀರು ನಡೆಯುತ್ತಲೇ. ಅವಳ ಮದುವೆಯ ಫೋಟೋದಲ್ಲಿ ಗಂಡ ಕಲ್ಲಿನಲ್ಲಿ ಕಡೆದ ಹಾಗೆ ಕೂತಿದ್ದಾನೆ. ಪಕ್ಕದಲ್ಲಿ ಒಂದು ಬಿಳಿಯ ಮೋಡವಿದೆ. ಆ ಮೋಡವೇ ಬುಗುರಿಯಕ್ಕ.

ಗಂಡ ಅದೇ ಆಸ್ಪತ್ರೆಯ ದರ್ಜಿ. ನೆಲಮಾಳಿಗೆಯ ಬಟ್ಟೆಕೋಣೆಯಲ್ಲಿ ಕೂತು ದಿಂಬಿನ ಚೀಲ, ವಾರ್ಡಿನ ಪರದೆ, ರೋಗಿಗಳ ಅಂಗಿ ಹೊಲಿಯುತ್ತಿದ್ದ. ಬೆಳಿಗ್ಗೆ ಸ್ಟೂಲಿನ ಮೇಲೆ ಕೂತನೆಂದರೆ ಮಧ್ಯಾಹ್ನದ ಹೊತ್ತಿಗೆ ಬೇರು ಬಿಟ್ಟಿರುತ್ತಿದ್ದ. ಸಂಜೆ ಅವನನ್ನು ಎಬ್ಬಿಸಲು ಹೆಂಡತಿ ಗುದ್ದಲಿ ತರಬೇಕಾಗುತ್ತದೆ ಎಂಬುದು ವಾರ್ಡಿನವರ ತಮಾಷೆ. ಇಂಥ ಇಬ್ಬರು ಒಂದೇ ಸೂರಿನ ಕೆಳಗೆ ಹೇಗೆ ಬಾಳಿದರು ಎಂದು ಕೇಳಿದರೆ ಅವನು ಸೂಜಿಗೆ ದಾರ ಪೋಣಿಸುತ್ತಲೇ ಹೇಳುತ್ತಿದ್ದ, "ಅವಳು ಸುತ್ತಿ ಸುತ್ತಿ ಬರೋಕೆ ನಡುವೆ ಒಂದು ಗೂಟ ಬೇಡವೇ."

ಜೀವಮಾನದಲ್ಲಿ ಒಂದೇ ಒಂದು ಸಲ ಅವಳು ಮಲಗಿದ್ದುಂಟು. ಹರೆಯದಲ್ಲಿ ಏಣಿಯಿಂದ ಬಿದ್ದು ಸೊಂಟದ ಮೂಳೆ ಮುರಿದು, ಇದೇ ಆಸ್ಪತ್ರೆಯ ರಸ್ತೆ ಬದಿಯ ವಾರ್ಡಿನಲ್ಲಿ ಬಿದ್ದುಕೊಂಡಿದ್ದಳು. ಕಿಟಕಿಯಾಚೆ ಬೋಳು ರಸ್ತೆ. ಲಾರಿಗಳು ಧೂಳನ್ನೆಲ್ಲ ತಂದು ಹಾಸಿಗೆಯ ಮೇಲೆ ಸುರಿದು ಹೋಗುತ್ತಿದ್ದವು. ದಾರಿಹೋಕರು ನಿಂತು ಒಳಗೆ ಇಣುಕುತ್ತಿದ್ದರು. ಪಕ್ಕದ ಹಾಸಿಗೆಯ ಹೆಂಗಸು ನಾಚಿಕೆಗೆ ಹಗಲಿಡೀ ಮುಖದ ಮೇಲೆ ದುಪ್ಪಟಿ ಎಳೆದುಕೊಂಡೇ ಇದ್ದಳು; ದುಪ್ಪಟಿಯ ಒಳಗೇ ತೀರಿಕೊಂಡಳು. ಅಲುಗಾಡಲಾಗದ ಬುಗುರಿಯಕ್ಕ ಅದನ್ನು ನೋಡುತ್ತಾ ಮಲಗಿದ್ದಳು. ಎದ್ದು ಓಡಾಡುವಂತಾದ ದಿನವೇ ಊರುಗೋಲು ಹಿಡಿದು ನಾದಿನಿಯ ಸಸಿತೋಟಕ್ಕೆ ಹೋದಳು. ಮೊಣಕಾಲೆತ್ತರದ ಸೈಪ್ರೆಸ್ ಸಸಿಗಳನ್ನು ಬೇಡಿ ತಂದು, ಊರುಗೋಲಿನಿಂದಲೇ ಗುರುತು ಹಾಕಿ, ವಾರ್ಡಿಗೂ ರಸ್ತೆಗೂ ನಡುವೆ ಸಾಲಾಗಿ ನೆಟ್ಟಳು.

ಈಗ ಆ ಸಾಲು ಎರಡನೇ ಮಹಡಿಯನ್ನು ದಾಟಿತ್ತು. ಬುಡದಿಂದ ತುದಿಯವರೆಗೆ ದಟ್ಟ ಹಸಿರು. ಈ ಆಸ್ಪತ್ರೆಯಲ್ಲಿ ತಾನು ಹೊಲಿಯದ ಪರದೆ ಅದೊಂದೇ ಎಂದು ದರ್ಜಿ ಹೇಳುತ್ತಿದ್ದ.

ಆ ಸಾಲಿಗೆ ಒಬ್ಬ ಶತ್ರುವೂ ಇದ್ದರು. ಕಟ್ಟಡ ವಿಭಾಗದ ಮುಖ್ಯಸ್ಥರು, ಎಲ್ಲರ ಬಾಯಲ್ಲಿ ಸಿಮೆಂಟ್ ಸಾಹೇಬರು. ಬರಿಯ ಮಣ್ಣು ಕಂಡರೆ ಅವರಿಗೆ ಮೈಯೆಲ್ಲ ತುರಿಕೆ. ಅವರ ಮನೆಯ ಹೂಕುಂಡಗಳಲ್ಲೂ ಕಾಂಕ್ರೀಟನ್ನೇ ತುಂಬಿ ಮೇಲೆ ಹಸಿರು ಬಣ್ಣ ಬಳಿದಿದ್ದಾರೆ ಎಂದು ಸುದ್ದಿ. ಸೈಪ್ರೆಸ್ ಸಾಲನ್ನು ಕಡಿದು ಅಲ್ಲಿ ಕಾರು ನಿಲ್ಲಿಸುವ ಜಾಗ ಮಾಡಬೇಕೆಂದು ಅವರು ವರ್ಷಗಳಿಂದ ಹಟ ಹಿಡಿದಿದ್ದರು. ಆಸ್ಪತ್ರೆಯ ಮೇಲ್ವಿಚಾರಣೆಯ ದೊಡ್ಡ ಡಾಕ್ಟರು ಮಾತ್ರ ಒಂದೇ ಮಾತು ಹೇಳಿ ಅವರ ಬಾಯಿ ಮುಚ್ಚಿಸಿದ್ದರು: ಮರಗಳು ಆರೋಗ್ಯವಾಗಿ, ಹಸಿರಾಗಿ ಇರುವತನಕ ಮುಟ್ಟುವ ಹಾಗಿಲ್ಲ.

ಹೀಗಿರುವಾಗ, ಬೇಸಿಗೆ ಇಳಿಮುಖವಾದ ಹೊತ್ತಿಗೆ, ಸಾಲಿನ ತುದಿಯ ಮರಗಳಲ್ಲಿ ಕಾಯಿ ಕಾಣಿಸಿಕೊಂಡವು.

ಹೆಬ್ಬೆರಳುದ್ದ. ನಡುವೆ ಉಬ್ಬು, ಎರಡೂ ತುದಿ ಚೂಪು. ಮೈತುಂಬ ಒಣಗಿದ ಎಲೆಚೂರು, ಕಡ್ಡಿಚೂರುಗಳನ್ನು ಹೊದ್ದು ರೆಂಬೆಗಳಿಂದ ಜೋತಾಡುತ್ತಿದ್ದವು. ಸೈಪ್ರೆಸ್ಸಿನ ಕಾಯಿ ಹೇಗಿರುತ್ತದೆಂದು ಬುಗುರಿಯಕ್ಕ ಕಂಡವಳಲ್ಲ. ಆದರೆ ಮರದಿಂದ ಜೋತುಬಿದ್ದದ್ದು ಕಾಯಲ್ಲದೆ ಇನ್ನೇನು? ತನ್ನ ಮಕ್ಕಳು ಪ್ರಾಯಕ್ಕೆ ಬಂದವೆಂದು ಅವಳು ಹಿಗ್ಗಿ ಹೀರೆಕಾಯಾದಳು. ವಾರ್ಡು ವಾರ್ಡಿಗೆ ಹೋಗಿ ಸುದ್ದಿ ಮುಟ್ಟಿಸಿದಳು. ಆಪರೇಷನ್ ಕೋಣೆಯ ಬಾಗಿಲು ತಟ್ಟಿದ್ದಕ್ಕೆ ಬೈಸಿಕೊಂಡಳು. ಗಾಳಿಯೇ ಇಲ್ಲದ ಮಧ್ಯಾಹ್ನ ಆ ಕಾಯಿಗಳು ತಮ್ಮಷ್ಟಕ್ಕೆ ಅಲ್ಲಾಡಿದ್ದನ್ನೂ ಅವಳು ಕಂಡಿದ್ದಳು. ಹರೆಯದ ಚೇಷ್ಟೆ ಎಂದುಕೊಂಡು ನಕ್ಕಿದ್ದಳು. ಸಿಮೆಂಟ್ ಸಾಹೇಬರನ್ನು ದಾರಿಯಲ್ಲೇ ಅಡ್ಡಗಟ್ಟಿ, ಫಲ ಬಿಟ್ಟ ಮರಕ್ಕೆ ಗರಗಸ ಹಾಕಲು ಯಾವ ಕೈ ಮೇಲೇಳುತ್ತದೋ ನೋಡಿಯೇಬಿಡುತ್ತೇನೆ ಎಂದು ಸವಾಲು ಹಾಕಿದಳು.

ಅಷ್ಟಕ್ಕೇ ಬಿಟ್ಟಿದ್ದರೆ ಆಗುತ್ತಿತ್ತು. ಕಾಯಿ ತುಂಬಿದ ಒಂದು ರೆಂಬೆಯನ್ನು ಕತ್ತರಿಸಿ, ಹಳೆಯ ಪೇಪರಿನಲ್ಲಿ ಸುತ್ತಿ, ನಾದಿನಿಗೆ ಉಡುಗೊರೆಯಾಗಿ ಕೊಟ್ಟುಬಂದಳು. ಸಸಿ ಕೊಟ್ಟವಳು ತಾನು ಎಂದು ನಾದಿನಿ ಎಲ್ಲರೆದುರು ಎದೆ ತಟ್ಟಿಕೊಳ್ಳುತ್ತಿದ್ದಳು. ಬೆಳೆಸಿದವಳು ತಾನು ಎಂದು ಒಮ್ಮೆ ತೋರಿಸಬೇಕಿತ್ತು. ನಾದಿನಿಗೂ ಸೈಪ್ರೆಸ್ಸಿನ ಕಾಯಿ ಗೊತ್ತಿರಲಿಲ್ಲ. ಅವಳ ಅಂಗಡಿಯಲ್ಲಿ ಯಾವ ಗಿಡವೂ ಮೊಣಕಾಲು ದಾಟುವತನಕ ಮಾರಾಟವಾಗದೆ ಉಳಿಯುತ್ತಿರಲಿಲ್ಲ. ಕಾಯಿಗಳನ್ನೆಲ್ಲ ಬಿತ್ತಿದ್ದೇನೆ ಎಂದು ವಾರ ಕಳೆದ ಮೇಲೆ ಹೇಳಿಕಳಿಸಿದಳು.

ಕಾಯಿ ಹೆಚ್ಚಿದಂತೆಲ್ಲ ಮರ ಕೆಂಪಾಗತೊಡಗಿತು. ಮೊದಲು ತುದಿಯ ಎರಡು ಮರಗಳ ನೆತ್ತಿ, ಆಮೇಲೆ ಭುಜ, ಆಮೇಲೆ ಪಕ್ಕದ ಮರ. ಬಾಯಾರಿಕೆ ಇರಬೇಕೆಂದು ಬುಗುರಿಯಕ್ಕ ನೀರು ಬಿಟ್ಟಳು. ಎಷ್ಟು ಬಿಟ್ಟಳೆಂದರೆ ಆ ವಾರ ಹೊರರೋಗಿಗಳ ವಿಭಾಗಕ್ಕೆ ದೋಣಿಯಲ್ಲಿ ಹೋಗಬೇಕಾಯಿತು. ಮರಗಳು ಇನ್ನೂ ಕೆಂಪಾದವು. ಸಿಮೆಂಟ್ ಸಾಹೇಬರು ದಿನಾ ಬೆಳಿಗ್ಗೆ ಸಾಲಿನ ಮುಂದೆ ಕೈ ಹಿಂದೆ ಕಟ್ಟಿಕೊಂಡು ಅಡ್ಡಾಡತೊಡಗಿದರು. ಹೆಜ್ಜೆ ಹಾಕಿ ಅಳೆಯುತ್ತಿದ್ದರು, ಅಷ್ಟೇ.

ಬುಗುರಿಯಕ್ಕ ಒಂದು ಒಣಗಿದ ರೆಂಬೆ ಮುರಿದುಕೊಂಡು ನೆಲಮಾಳಿಗೆಗೆ ಇಳಿದಳು. ಗಂಡನ ಮೇಜಿನ ಸುತ್ತ ಸುತ್ತುತ್ತಾ, ಬೇರಿಗೆ ಏನಾಗಿರಬಹುದು, ಮಣ್ಣಿಗೆ ಏನಾಗಿರಬಹುದು, ಯಾರ ದೃಷ್ಟಿ ತಾಗಿರಬಹುದು ಎಂದು ಒಂದೇ ಉಸಿರಿಗೆ ಹೇಳುತ್ತಿದ್ದಳು. ದರ್ಜಿ ಕನ್ನಡಕ ಮೂಗಿನ ತುದಿಗೆ ಜಾರಿಸಿ, ರೆಂಬೆಗೆ ಜೋತಿದ್ದ ಒಂದು ಕಾಯನ್ನು ಬೆರಳಲ್ಲಿ ಹಿಡಿದು ಬೆಳಕಿಗೆ ತಿರುಗಿಸುತ್ತಿದ್ದ.

"ಇದನ್ನ ಹೊಲಿದಿದ್ದು ಯಾರು?" ಎಂದ.

"ಹೊಲಿಯೋದೇನ್ರೀ? ಕಾಯಿ ಅದು."

"ಕಾಯಿ ಅಲ್ಲ ಕಣೆ. ದಾರ ನೋಡು, ರೇಷ್ಮೆ. ಮೇಲೆ ನಿನ್ನ ಮರದ ಎಲೆಯನ್ನೇ ತುಂಡು ತುಂಡು ಮಾಡಿ ತೇಪೆ ಹಾಕಿದಾನೆ. ಒಳಗಡೆ ಲೈನಿಂಗ್ ಬೇರೆ ಕೊಟ್ಟಿದಾನೆ ಪುಣ್ಯಾತ್ಮ."

ದಾರ ಕತ್ತರಿಸುವ ಸಣ್ಣ ಕತ್ತರಿಯಿಂದ ಅವನು ಆ ಚೀಲವನ್ನು ಉದ್ದಕ್ಕೆ ಸೀಳಿದ. ಒಳಗೆ ಒಂದು ಕಂದು ಬಣ್ಣದ ಒಣ ಸಿಪ್ಪೆ, ಸಿಪ್ಪೆಯ ತುಂಬ ಹಳದಿ ಮರಳಿನ ಹಾಗೆ ಮೊಟ್ಟೆ. ಮೇಜಿನ ಮೇಲೆ ಸುರಿದರೆ ಒಂದು ಚಮಚ ತುಂಬುವಷ್ಟು.

ಬುಗುರಿಯಕ್ಕ ಕೂತಳು. ಅವಳು ಕೂತದ್ದನ್ನು ಕಂಡು ದರ್ಜಿ ಹೆದರಿ ಎದ್ದು ನಿಂತ, ನೀರು ತಂದ, ನಾಡಿ ಹಿಡಿದು ನೋಡಿದ. ಇಷ್ಟು ದಿನ ಅವಳು ಮೊಮ್ಮಕ್ಕಳೆಂದು ಎಣಿಸಿ ಖುಷಿಪಟ್ಟದ್ದು ಮಕ್ಕಳನ್ನೇ ತಿನ್ನುತ್ತಿದ್ದ ಹುಳುಗಳನ್ನು.

ಕೂತದ್ದು ಒಂದು ಗುಟುಕು ನೀರು ಇಳಿಯುವವರೆಗೆ ಮಾತ್ರ. ಆಮೇಲೆ ಎದ್ದವಳು ಉಗ್ರಾಣದಲ್ಲಿದ್ದ ಕೀಟನಾಶಕವನ್ನೆಲ್ಲ ಹೊತ್ತು ತಂದು ಸಾಲಿನ ಮೇಲೆ ಸುರಿದಳು. ಮರಗಳು ಸ್ನಾನ ಮಾಡಿದ ಹಾಗೆ ತೊಟ್ಟಿಕ್ಕಿದವು. ಗುಬ್ಬಚ್ಚಿಗಳು ಶಾಪ ಹಾಕಿ ಬೇರೆ ಬಡಾವಣೆಗೆ ಹೋದವು. ಅವಳೇ ಒಂದು ವಾರ ಸೀನಿದಳು. ಒಂದೊಂದು ಸೀನಿಗೂ ಎಕ್ಸ್‌ರೇ ಕೋಣೆಯ ಗಾಜು ಅದುರುತ್ತಿತ್ತು. ಚೀಲಗಳು ಮಾತ್ರ ಏನೂ ಆಗದವರಂತೆ ತೂಗಾಡುತ್ತಿದ್ದವು. ಒಂದನ್ನು ಸೀಳಿ ನೋಡಿದರೆ ಒಳಗೆ ಮೊಟ್ಟೆಗಳು ಬೆಚ್ಚಗೆ, ಒಣಗಿ, ಸುಖವಾಗಿದ್ದವು. ರೇನ್‌ಕೋಟಿನ ಮೇಲೆ ನೀರು ಎರಚಿದರೆ ಒಳಗಿರುವವನಿಗೆ ಶೀತ ಆಗುತ್ತದೆಯೇ ಎಂದು ದರ್ಜಿ ಕೇಳಿದ. ಅವತ್ತು ಅವನಿಗೆ ತಣ್ಣಗಿನ ಊಟ.

ಕೊನೆಗೆ ನಗರದ ಮರಗಳನ್ನು ನೋಡಿಕೊಳ್ಳುವ ಕಚೇರಿಗೆ ಹೋದಳು. ಅಲ್ಲಿ ಹುಳುಗಳ ವಿಷಯ ಓದಿದ ಒಬ್ಬ ಹೆಂಗಸಿದ್ದರು. ಎಲ್ಲರೂ ಹುಳುವಿನ ಡಾಕ್ಟ್ರಮ್ಮ ಎನ್ನುತ್ತಿದ್ದರು. ಬುಗುರಿಯಕ್ಕ ಕೋಣೆಯಲ್ಲಿ ಸುತ್ತುತ್ತಲೇ ಕೇಳಿಸಿಕೊಂಡಳು. ಡಾಕ್ಟ್ರಮ್ಮ ತಿರುಗುವ ಕುರ್ಚಿಯಲ್ಲಿ ಕೂತು ಅವಳ ಜೊತೆ ಜೊತೆಗೇ ತಿರುಗುತ್ತಾ ವಿವರಿಸಿದರು. ಇದು ಚೀಲದ ಹುಳು. ತಿನ್ನುವ ಮರದ ಚೂರುಗಳನ್ನೇ ರೇಷ್ಮೆಯಲ್ಲಿ ಹೊಲಿದು ಚೀಲ ಮಾಡಿಕೊಳ್ಳುತ್ತದೆ, ಮನೆಯನ್ನು ಹೊತ್ತುಕೊಂಡೇ ತಿರುಗುತ್ತದೆ. ಬೆಳೆದ ಮೇಲೆ ಚೀಲವನ್ನು ರೆಂಬೆಗೆ ಬಿಗಿಯಾಗಿ ಕಟ್ಟಿ ಬಾಯಿ ಮುಚ್ಚಿಕೊಳ್ಳುತ್ತದೆ. ಅಲ್ಲಿಂದ ಮುಂದೆ ಯಾವ ಔಷಧವೂ ಒಳಗೆ ಹೋಗುವುದಿಲ್ಲ. ಗಂಡಿಗೆ ರೆಕ್ಕೆ ಬರುತ್ತದೆ, ಹಾರಿಹೋಗುತ್ತದೆ. ಹೆಣ್ಣಿಗೆ ರೆಕ್ಕೆಯೂ ಇಲ್ಲ, ಕಾಲೂ ಇಲ್ಲ. ಚೀಲದೊಳಗೇ ನೂರಾರು ಮೊಟ್ಟೆಯಿಟ್ಟು ಸಾಯುತ್ತದೆ. ಚಳಿಗಾಲವಿಡೀ ಮೊಟ್ಟೆಗಳು ನಿದ್ದೆ ಮಾಡಿ, ಬಿಸಿಲು ಏರಿದಾಗ ಒಡೆಯುತ್ತವೆ. ಮರಿಗಳು ಎಳೆ ಬಿಟ್ಟುಕೊಂಡು ಗಾಳಿಯಲ್ಲಿ ತೇಲಿ ಪಕ್ಕದ ಮರಕ್ಕೆ ಹೋಗುತ್ತವೆ. ಆ ಮರಿಗಳು ಎಳೆಯವಾಗಿರುವಾಗ ಸಿಂಪಡಿಸಿದರೆ ಮಾತ್ರ ಉಪಯೋಗ. ಅದಕ್ಕೊಂದು ಔಷಧವಿದೆ, ಇಂಥ ಹುಳುಗಳ ಹೊಟ್ಟೆಯನ್ನಷ್ಟೇ ಕೆಡಿಸುತ್ತದೆ, ಹಕ್ಕಿಗೂ ಮನುಷ್ಯರಿಗೂ ತೊಂದರೆಯಿಲ್ಲ.

"ಈಗ ಏನು ಮಾಡ್ಲಿ?" ಬುಗುರಿಯಕ್ಕ ಕೇಳಿದಳು.

"ಕೈಯಲ್ಲಿ ಬಿಡಿಸಬೇಕು. ಚಳಿ ಮುಗಿಯೋದರೊಳಗೆ ಒಂದೂ ಬಿಡದ ಹಾಗೆ. ಎಳೀಬೇಡಿ, ಕಟ್ಟಿರೋ ಎಳೆಯನ್ನ ಕತ್ತರಿಸಿ ತೆಗೀರಿ. ಅದು ಹಾಗೇ ಉಳಿದರೆ ರೆಂಬೆಯ ಕುತ್ತಿಗೆ ಹಿಸುಕುತ್ತೆ. ನೆಲಕ್ಕೆ ಎಸೀಬೇಡಿ, ಸೋಪಿನ ನೀರಲ್ಲಿ ಮುಳುಗಿಸಿ." ಡಾಕ್ಟ್ರಮ್ಮ ಕುರ್ಚಿ ನಿಲ್ಲಿಸಿದರು. "ಇನ್ನೊಂದು. ಅಗಲ ಎಲೆಯ ಮರ ಆಗಿದ್ದರೆ ಬೋಳಾದರೂ ಮತ್ತೆ ಚಿಗುರುತ್ತೆ. ಸೈಪ್ರೆಸ್ ಬೋಳಾದ ಕಡೆ ಮತ್ತೆ ಹಸಿರು ಬರೋದಿಲ್ಲ. ಇನ್ನೊಂದು ಬೇಸಿಗೆ ಇವು ತಿಂದರೆ ನಿಮ್ಮ ಸಾಲು ಇರೋದಿಲ್ಲ."

ಬಾಗಿಲವರೆಗೆ ಹೋದ ಬುಗುರಿಯಕ್ಕ ಹಿಂದಿರುಗಿ, ಅಕಸ್ಮಾತ್ ಯಾರಾದರೂ ಈ ಚೀಲಗಳನ್ನು ಕುಂಡದಲ್ಲಿ ಬಿತ್ತಿದ್ದರೆ ಏನಾಗುತ್ತದೆ ಎಂದು ಕೇಳಿದಳು. ಡಾಕ್ಟ್ರಮ್ಮ ತಮ್ಮ ಇಷ್ಟು ವರ್ಷಗಳ ಕೆಲಸದಲ್ಲಿ ಅಂಥವರನ್ನು ಕಂಡಿಲ್ಲವೆಂದೂ, ಕಂಡರೆ ಫೋಟೋ ತೆಗೆದಿಟ್ಟುಕೊಳ್ಳುವ ಆಸೆಯಿದೆಯೆಂದೂ ಹೇಳಿದರು.

ನಾದಿನಿಯ ಸಸಿತೋಟದಲ್ಲಿ ಕುಂಡಗಳು ಸಾಲಾಗಿ, ಒಂದೊಂದಕ್ಕೂ ಕಡ್ಡಿ ಚುಚ್ಚಿಸಿಕೊಂಡು, ನೀರು ಕುಡಿದು ಹೊಳೆಯುತ್ತಾ ನಿಂತಿದ್ದವು.

"ಇನ್ನೂ ಮೊಳಕೆ ಬಂದಿಲ್ಲ ಅತ್ತಿಗೆ. ನಿಮ್ಮ ಬೀಜ ಅಲ್ವಾ, ಬಿತ್ತಿದ ದಿನವೇ ಎದ್ದು ಓಡಾಡುತ್ತೆ ಅಂದ್ಕೊಂಡಿದ್ದೆ."

ಬುಗುರಿಯಕ್ಕ ವಿಷಯ ಹೇಳಿದಳು. ನಿಂತು ಹೇಳಲು ಆಗದೆ, ಕುಂಡಗಳ ನಡುವೆ ಓಡಾಡುತ್ತಾ, ಒಂದೊಂದನ್ನೇ ತಲೆಕೆಳಗು ಮಾಡಿ ಚೀಲ ಹೆಕ್ಕುತ್ತಾ ಹೇಳಿದಳು. ನಾದಿನಿ ಸೊಂಟದ ಮೇಲೆ ಕೈಯಿಟ್ಟು ಪೂರ್ತಿ ಕೇಳಿಸಿಕೊಂಡಳು. ಆಮೇಲೆ ತನ್ನ ಅಣ್ಣನನ್ನು ಮದುವೆಯಾದ ದಿನದಿಂದ ಇಂದಿನವರೆಗೆ ಅತ್ತಿಗೆ ತಮ್ಮ ಮನೆಗೆ ಏನೇನು ತಂದಳು ಎಂದು ಮೊದಲಿನಿಂದ ಒಪ್ಪಿಸಿದಳು. ಅದರಲ್ಲಿ ಹುಳುವಿನ ಮೊಟ್ಟೆ ಕೊನೆಯದು, ಅತ್ಯಂತ ಕೆಟ್ಟದ್ದೇನೂ ಅಲ್ಲ. ಬಯ್ಗುಳ ಮುಗಿದ ಮೇಲೆ ತನ್ನ ಮೂರು ಕಾಲಿನ ಎತ್ತರದ ಏಣಿಯನ್ನು ತಾನಾಗಿಯೇ ಗಾಡಿಗೆ ಹಾಕಿಸಿದಳು. ನೆಟ್ಟಗೆ ವಾಪಸ್ ಬರಬೇಕು, ಏಣಿಯೂ, ನೀವೂ ಎಂದಳು.

ಸಿಮೆಂಟ್ ಸಾಹೇಬರು ಅಷ್ಟರಲ್ಲಿ ದೊಡ್ಡ ಡಾಕ್ಟರ ಕಿವಿ ಕಚ್ಚಿಯಾಗಿತ್ತು. ಹಸಿರು ಮರ ಮುಟ್ಟಬಾರದು ಎಂದಿದ್ದಿರಿ, ಇದು ಯಾವ ಹಸಿರು ಎಂದು ಕೇಳಿದ್ದರು. ದೊಡ್ಡ ಡಾಕ್ಟರು ಇಬ್ಬರನ್ನೂ ಎದುರು ನಿಲ್ಲಿಸಿಕೊಂಡು ತೀರ್ಮಾನ ಕೊಟ್ಟರು: ಬಿಸಿಲೇರಿ ಮರಿಗಳು ಹೊರಬರುವ ಕಾಲಕ್ಕೆ ಸಾಲು ಶುದ್ಧವಾಗಿದ್ದರೆ ಮರ ಉಳಿಯುತ್ತದೆ, ಹುಳು ಕಂಡರೆ ಕಡಿಯುವುದು. ಸಾಹೇಬರು ಆ ದಿನವೇ ಗರಗಸದವರಿಗೆ ಹೇಳಿಟ್ಟರು.

ಆ ಚಳಿಗಾಲ ಬುಗುರಿಯಕ್ಕನ ಕಾಲು ನೆಲಕ್ಕೆ ತಾಗಿದ್ದನ್ನು ಕಂಡವರಿಲ್ಲ. ಬೆಳಕು ಹರಿಯುವ ಮುಂಚೆ ಏಣಿ ಹತ್ತಿದರೆ ಕಣ್ಣು ಕಾಣುವತನಕ ಮೇಲೆ. ಸೊಂಟದಲ್ಲಿ ಸೋಪಿನ ನೀರಿನ ಡಬ್ಬ, ಕೈಯಲ್ಲಿ ಗಂಡ ಕೊಟ್ಟ ಹೊಲಿಗೆ ಬಿಚ್ಚುವ ಸಣ್ಣ ಕೊಕ್ಕೆ ಚಾಕು. ಚೀಲ ರೆಂಬೆಗೆ ಕಟ್ಟಿದ ರೇಷ್ಮೆಯ ಉರುಳಿಗೆ ಅದನ್ನು ತೂರಿಸಿ ಎತ್ತಿದರೆ ಟಪ್ಪನೆ ಬಿಚ್ಚಿಕೊಳ್ಳುತ್ತಿತ್ತು. ಆದರೆ ಒಣ ಎಲೆಯ ಬಣ್ಣದ ಚೀಲವನ್ನು ಒಣ ಎಲೆಗಳ ನಡುವೆ ಹುಡುಕುವುದೆಂದರೆ ಕತ್ತಲೆಯಲ್ಲಿ ಕಪ್ಪು ಕಂಬಳಿ ಹುಡುಕಿದ ಹಾಗೆ. ಕಣ್ಣಿಗೆ ಭ್ರಮೆ ಹಿಡಿಯಿತು. ನೋಡಿದಲ್ಲೆಲ್ಲ ಚೀಲ. ಒಬ್ಬ ನರ್ಸಿನ ಕಿವಿಯ ಜುಮುಕಿಗೆ ಕೈ ಹಾಕಿದಳು. ಒಬ್ಬ ವಕೀಲರ ಮೀಸೆಯನ್ನು ಬಹಳ ಹೊತ್ತು ಅನುಮಾನದಿಂದ ನೋಡಿದಳು. ಊಟದ ಹೊತ್ತಿಗೆ ತಟ್ಟೆ ತಿರುಗಿಸಿ ಅಡಿ ನೋಡುತ್ತಿದ್ದಳು. ಬೆಳಿಗ್ಗೆ ಶುದ್ಧ ಮಾಡಿದ ಮರದಲ್ಲೇ ಸಂಜೆ ಇನ್ನೊಂದು ಸಿಗುತ್ತಿತ್ತು; ಅಂದರೆ ಬೆಳಿಗ್ಗೆ ಅವಳ ಕಣ್ಣು ಅದನ್ನು ದಾಟಿ ಹೋಗಿತ್ತು. ಅದಕ್ಕಿಂತ ದೊಡ್ಡ ಹೊಡೆತ ಅವಳಿಗೆ ಬೇರೆ ಇರಲಿಲ್ಲ. ಅವಳ ಹಳೆಯ ಜಂಬದ ಮಾತನ್ನು ನರ್ಸುಗಳು ಆಡುವುದನ್ನು ಬಿಟ್ಟರು. ಪಾಪ, ಅವಳೂ ಬಿಟ್ಟಿದ್ದಳು.

ಆಗ ವಾರ್ಡು ಎದ್ದು ಕೂತಿತು. ಕಾಲನ್ನು ಎತ್ತಿ ಕಟ್ಟಿಸಿಕೊಂಡು ತಿಂಗಳುಗಟ್ಟಲೆ ಮಲಗಿದ್ದ ಒಬ್ಬ ಬಸ್ ಕಂಡಕ್ಟರು, ಕಿಟಕಿಯಿಂದ ಇವಳ ಪಾಡು ನೋಡಿ ನೋಡಿ, ಒಂದು ದಿನ ತಡೆಯಲಾರದೆ ಕೂಗಿದ: ಎಡಗಡೆ, ಇನ್ನೂ ಮೇಲೆ, ನಿಮ್ಮ ಮೊಣಕೈ ಹತ್ರ ಒಂದು ಟಿಕೆಟ್ ಇಲ್ಲದೆ ಕೂತಿದೆ. ಮಲಗಿದವರಿಗೆ ದೂರದಿಂದ ಕಾಣುವುದು ಏಣಿಯ ಮೇಲಿದ್ದವಳಿಗೆ ಹತ್ತಿರದಿಂದ ಕಾಣುತ್ತಿರಲಿಲ್ಲ. ಮರುದಿನದಿಂದ ಇಡೀ ವಾರ್ಡು ಕಿಟಕಿಗೆ ಬಿತ್ತು. ಯಾವ ಹಾಸಿಗೆಗೆ ಯಾವ ಮರ ಎಂದು ಹಂಚಿಕೆಯಾಯಿತು. ಜ್ವರದವರಿಗೆ ಜ್ವರ ನೆನಪಿರಲಿಲ್ಲ. ಒಬ್ಬ ಅಜ್ಜಿ ತನ್ನ ಮರದ ಕೆಲಸ ಮುಗಿಯದೆ ಮನೆಗೆ ಹೋಗುವುದಿಲ್ಲ ಎಂದು ಡಿಸ್ಚಾರ್ಜ್ ಬೇಡವೆಂದಳು. ಅತ್ತ ನೆಲಮಾಳಿಗೆಯಲ್ಲಿ ಇನ್ನೂ ದೊಡ್ಡ ಪವಾಡ ನಡೆಯಿತು: ದರ್ಜಿ ಸ್ಟೂಲಿನಿಂದ ಎದ್ದು ಹೊರಗೆ ಬಂದ. ಏಣಿಯ ಬುಡ ಹಿಡಿದು ನಿಂತ. ನಿಂತಲ್ಲೇ ಬೇರು ಬಿಟ್ಟ ಎನ್ನುವುದು ಬೇರೆ ಮಾತು. ಏಣಿ ಒಂದಿಷ್ಟೂ ಅಲುಗಾಡಲಿಲ್ಲ.

ತುದಿಯ ಎರಡು ಮರ ಉಳಿಯಲಿಲ್ಲ. ಅವುಗಳನ್ನು ಬುಗುರಿಯಕ್ಕ ಯಾರ ಕೈಗೂ ಕೊಡದೆ ತಾನೇ ಕೊಯ್ದಳು.

ಬಿಸಿಲೇರಿತು. ಹುಳುವಿನ ಡಾಕ್ಟ್ರಮ್ಮ ಹೇಳಿದಂತೆ ಕೆಲವು ಚೀಲಗಳನ್ನು ಗಾಜಿನ ಬಾಟಲಿಯಲ್ಲಿ ಹಾಕಿ, ಬಾಯಿಗೆ ಬ್ಯಾಂಡೇಜ್ ಬಟ್ಟೆ ಬಿಗಿದು, ಹೊರಗೆ ನೆರಳಿನಲ್ಲಿ ಇಟ್ಟಿದ್ದರು. ಅದರಲ್ಲಿ ಮೊಟ್ಟೆ ಒಡೆದರೆ ಮರದಲ್ಲೂ ಒಡೆಯುವ ಕಾಲ ಬಂತೆಂದು ಲೆಕ್ಕ. ಬುಗುರಿಯಕ್ಕ ಆ ಬಾಟಲಿಯನ್ನು ನೋಡಲು ಹೋಗಿ ಬಂದು ಹೋಗಿ ಬಂದು ಅಂಗಳದಲ್ಲಿ ಒಂದು ಕಾಲುವೆಯೇ ಬಿದ್ದಿತ್ತು. ಒಂದು ಬೆಳಿಗ್ಗೆ ಗಾಜಿನ ಒಳಮೈಯಲ್ಲಿ ಕರಿಮೆಣಸಿನಪುಡಿ ಚೆಲ್ಲಿದ ಹಾಗೆ ಕಪ್ಪು ಚುಕ್ಕೆಗಳು. ಚುಕ್ಕೆಗಳು ನಡೆಯುತ್ತಿದ್ದವು.

ಸಾಲಿನ ಮರ ಮರಕ್ಕೂ ಹೋಗಿ ನೋಡಿದಳು. ಶುದ್ಧ. ಮರುದಿನವೂ ಶುದ್ಧ. ಅದರ ಮರುದಿನವೂ. ಎಲ್ಲರೂ ಅಭಿನಂದಿಸಿದರು, ಅವಳೊಬ್ಬಳು ನಂಬಲಿಲ್ಲ. ಔಷಧದ ಪಂಪನ್ನು ಬೆನ್ನಿಗೆ ಕಟ್ಟಿಕೊಂಡೇ ಓಡಾಡಿದಳು.

ದೊಡ್ಡ ಡಾಕ್ಟರು ನೋಡಲು ಬರುವ ದಿನದ ಬೆಳಿಗ್ಗೆ, ಸಾಲಿನ ಈಚೆ ತುದಿಯಲ್ಲಿ, ಕಟ್ಟಡ ವಿಭಾಗದ ಗೋಡೆಗೆ ಹತ್ತಿರವಿದ್ದ ಮರದಲ್ಲಿ ಅವಳಿಗೆ ಕಂಡವು. ಎಳ್ಳುಕಾಳಿನಷ್ಟು ಸಣ್ಣ ಟೋಪಿಗಳು ಎಲೆಯ ಮೇಲೆ ನೆಟ್ಟಗೆ ನಿಂತಿದ್ದವು, ಮರಿಗಳ ಹೊಸ ಚೀಲಗಳು; ಒಂದೊಂದು ಟೋಪಿಯೂ ಹೆಜ್ಜೆ ಹಾಕುತ್ತಿತ್ತು. ಹೆಬ್ಬೆರಳಿನಲ್ಲಿ ಉಜ್ಜಿಬಿಟ್ಟರೆ ಯಾರಿಗೂ ಕಾಣುವುದಿಲ್ಲ. ಒಂದು ರೆಂಬೆ ಉಜ್ಜಿದಳು ಕೂಡ. ಆಮೇಲೆ ಪಕ್ಕದ ರೆಂಬೆ ಕಂಡಿತು, ಅದರ ಪಕ್ಕದ್ದೂ. ಉಜ್ಜುವುದನ್ನು ಬಿಟ್ಟು ಪಂಪಿನ ನಳಿಗೆ ತೆರೆದು ಸಿಂಪಡಿಸತೊಡಗಿದಳು. ಈ ಔಷಧ ಕೂಡಲೇ ಕೊಲ್ಲುವುದಿಲ್ಲ, ಕೆಲವು ದಿನ ಬೇಕು. ಗೇಟಿನಲ್ಲಿ ಗರಗಸದವರ ಗಾಡಿ ಆಗಲೇ ಬಂದು ನಿಂತಿತ್ತು.

ದೊಡ್ಡ ಡಾಕ್ಟರು ಮುಂದೆ, ಸಿಮೆಂಟ್ ಸಾಹೇಬರು ಪಕ್ಕದಲ್ಲಿ. ಆಚೆ ತುದಿಯಿಂದ ನೋಡುತ್ತಾ ಬಂದರು. ವಾರ್ಡಿನ ಕಿಟಕಿಗಳೆಲ್ಲ ತಲೆಗಳಿಂದ ತುಂಬಿದ್ದವು. ಕೊನೆಯ ಮರದ ಹತ್ತಿರ ಸಾಹೇಬರು ಕನ್ನಡಕ ಏರಿಸಿದರು. ಅವರ ಮುಖ ಹಸಿ ಗಾರೆಯ ಹಾಗೆ ಹರಡಿಕೊಂಡಿತು.

"ಏನಮ್ಮಾ ಇದು?"

"ಹುಳು ಸಾಹೇಬ್ರೇ. ಬೆಳಿಗ್ಗೆ ನಾನೂ ನೋಡಿದೆ."

ಸಾಹೇಬರು ಗರಗಸದವರ ಕಡೆ ಕೈ ಎತ್ತಿದರು. ಬುಗುರಿಯಕ್ಕ ಮಾತ್ರ ಮರವನ್ನು ನೋಡುತ್ತಿರಲಿಲ್ಲ. ಎಲ್ಲೋ ಒಂದು ಎಳೆ ಬಿಸಿಲಿಗೆ ಮಿಂಚಿತ್ತು. ಮಿಂಚಿದ ಎಳೆಯ ತುದಿಯಲ್ಲಿ ಒಂದು ಚುಕ್ಕೆ ತೇಲುತ್ತಾ ಮರದ ಕಡೆಗೆ ಬರುತ್ತಿತ್ತು. ಮರದಿಂದ ಹೋಗುತ್ತಿದ್ದುದಲ್ಲ, ಮರಕ್ಕೆ ಬರುತ್ತಿದ್ದುದು. ಅವಳು ಎಳೆಯನ್ನು ಕಣ್ಣಿನಲ್ಲೇ ಹಿಡಿದುಕೊಂಡು ಹಿಂದೆ ಹಿಂದೆ ಹೋದಳು. ಗೋಡೆ ಬಂತು. ಕಿಟಕಿ ಬಂತು. ಕಿಟಕಿಯ ಮೇಲಿನ ಕಾಂಕ್ರೀಟ್ ಸಜ್ಜಾದ ಅಡಿಯಲ್ಲಿ, ನೆರಳಿನಲ್ಲಿ, ಸಾಲಾಗಿ, ಬೆಚ್ಚಗೆ, ಹೆಬ್ಬೆರಳುದ್ದದ ಚೀಲಗಳು ನೇತಾಡುತ್ತಿದ್ದವು. ಹಿಂದಿನ ಬೇಸಿಗೆಯಲ್ಲಿ ಹೊಟ್ಟೆ ತುಂಬಿದ ಹುಳುಗಳು ಮರ ಬಿಟ್ಟು ನಡೆದು ಹೋಗಿ ಅಲ್ಲಿ ಬಿಡಾರ ಕಟ್ಟಿದ್ದವು. ಚಳಿಗಾಲವಿಡೀ ಅವಳೂ, ಅವಳ ಇಡೀ ವಾರ್ಡೂ ಮರಗಳನ್ನು ನೋಡಿದ್ದರೇ ಹೊರತು ಗೋಡೆಯನ್ನು ಯಾರೂ ನೋಡಿರಲಿಲ್ಲ.

ಆ ಕಿಟಕಿ ಸಿಮೆಂಟ್ ಸಾಹೇಬರ ಸ್ವಂತ ಕೋಣೆಯದು.

ಬುಗುರಿಯಕ್ಕ ಬೆರಳು ತೋರಿಸಿದಳು, ಅಷ್ಟೇ. ದೊಡ್ಡ ಡಾಕ್ಟರು ಬೆರಳಿನ ದಾರಿಯಲ್ಲಿ ನೋಡಿದರು, ಸಾಹೇಬರ ಮುಖ ನೋಡಿದರು, ಮತ್ತೆ ಸಜ್ಜಾ ನೋಡಿದರು. ನಗು ತಡೆಯಲು ಕೆಮ್ಮಿದರು. ಕೆಮ್ಮು ಕೇಳಿ ವಾರ್ಡಿನವರು ಬಾಯಿಬಿಟ್ಟೇ ನಕ್ಕರು. ಮರಗಳೆಲ್ಲ ಶುದ್ಧವಾಗಿಯೇ ಇದ್ದವು, ಹುಳು ಈಗಷ್ಟೇ ಗೋಡೆಯಿಂದ ಬಂದಿದೆ, ಔಷಧವನ್ನೂ ಹಾಕಿಯಾಗಿದೆ; ಸಾಲು ಉಳಿಯಲಿ ಎಂದು ದೊಡ್ಡ ಡಾಕ್ಟರು ಅಲ್ಲೇ ಹೇಳಿದರು. ಗರಗಸದವರು ಗಾಡಿ ಹಿಂದಕ್ಕೆ ತಿರುಗಿಸಿದರು. ದರ್ಜಿ ಏಣಿ ತಂದು ಸಾಹೇಬರ ಕಿಟಕಿಯ ಕೆಳಗೆ ನಿಲ್ಲಿಸಿ, ಬುಡ ಹಿಡಿದು ಬೇರು ಬಿಡಲು ಶುರುಮಾಡಿದ.

ಸಾಹೇಬರು ಟೈ ಸರಿಮಾಡಿಕೊಂಡರು. "ಹಾಗಾದರೆ ಈಗ ನನ್ನ ಕಟ್ಟಡಕ್ಕೆ ಏನು ಮಾಡಬೇಕಂತೀಯಾ?"

ಬುಗುರಿಯಕ್ಕ ಸೋಪಿನ ನೀರಿನ ಡಬ್ಬವನ್ನು ಅವರ ಕೈಗೆ ಕೊಟ್ಟು, ಆಗಲೇ ಏಣಿಯ ಅರ್ಧದಲ್ಲಿದ್ದಳು.

"ನೀವು ಇದನ್ನ ಹಿಡ್ಕೊಂಡು ಅಲುಗಾಡದೆ ನಿಂತ್ಕೊಳ್ಳಿ ಸಾಹೇಬ್ರೇ. ಕಟ್ಟಡ ಕಡಿಯೋದು ಬೇಡ ಅಂತ ದೊಡ್ಡ ಡಾಕ್ಟರ ಹತ್ರ ನಾನು ಹೇಳ್ತೀನಿ."